ಭಯಕ್ಕೆ ಕಟ್ಟುವ ಅಡ್ವಾನ್ಸು

ಪ್ಲಸ್ ಟು ಫಲಿತಾಂಶ ಬಂದ ದಿನದಿಂದ ಕೌನ್ಸೆಲಿಂಗ್ ಮುಗಿಯುವ ತನಕ ಪೊಳ್ಳಾಚಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಸೀಟು ಸಿಗುತ್ತಾ? ತೆಂಗಿನಕಾಯಿ ಮಂಡಿಯಲ್ಲಿ ಲೋಡ್ ಎಣಿಸುವವರು ಕೇಳುತ್ತಾರೆ, ನೆಗಮಂ ಕಡೆಯ ಮಗ್ಗದ ಮನೆಯವರು ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲಿ ಎಲೆ ಮುಂದೆ ಕೂತವರೂ ಕೇಳುತ್ತಾರೆ. ಉತ್ತರ ಹೇಳುವವರಿಗೂ ಬರವಿಲ್ಲ. ಮಗನನ್ನು ಹತ್ತು ವರ್ಷದ ಹಿಂದೆ ಇಂಜಿನಿಯರಿಂಗಿಗೆ ಸೇರಿಸಿದ ಮಾವ, ಟ್ಯೂಷನ್ ಸೆಂಟರಿನ ಮೇಷ್ಟ್ರು, ಜೆರಾಕ್ಸ್ ಅಂಗಡಿಯ ಹುಡುಗ, ಎಲ್ಲರೂ ಪಂಡಿತರೇ. ‘190 ಇದ್ರೆ ಆರಾಮಾಗಿ ಸಿಗುತ್ತೆ ಬಿಡಿ’ ಅಂತ ಒಬ್ಬರು ಹೇಳಿ ಮುಗಿಸುವಷ್ಟರಲ್ಲಿ ‘ಈ ವರ್ಷ 195 ಇದ್ದರೂ ಕಷ್ಟ’ ಅಂತ ಇನ್ನೊಬ್ಬರು ಹೆದರಿಸುತ್ತಾರೆ.

ಈ ಪ್ರಶ್ನೆಯನ್ನು ಅರ್ಧ ಜನ ಕೇಳಬೇಕಾದ ಅಗತ್ಯವೇ ಇಲ್ಲ. ಉಳಿದರ್ಧ ಜನ ಆರು ವರ್ಷ ತಡವಾಗಿ ಕೇಳುತ್ತಿದ್ದಾರೆ. ಈ ನಡುವೆ ಲಾಭ ಮಾಡಿಕೊಳ್ಳುವವರು ಮಾತ್ರ ಸರಿಯಾದ ಹೊತ್ತಿಗೆ ಫೋನ್ ಮಾಡುತ್ತಾರೆ.

ಆ ಫೋನಿನಿಂದಲೇ ಶುರು ಮಾಡೋಣ. ಜನವರಿ ಕಳೆದು ಪಬ್ಲಿಕ್ ಪರೀಕ್ಷೆಯ ಹಾಲ್ ಟಿಕೆಟ್ ಕೈಗೆ ಬರುವ ಹೊತ್ತಿಗೆ ಮಗುವಿನ ಹೆಸರು, ಶಾಲೆ, ಅಪ್ಪನ ನಂಬರು ಎಲ್ಲವೂ ಯಾರ ಕೈಯಿಂದಲೋ ಯಾರ ಕೈಗೋ ಹೋಗಿರುತ್ತವೆ. ನಮ್ಮ ಬೀದಿಯ ಮಗ್ಗದಣ್ಣನಿಗೆ ಬಂದ ಕರೆ ನಾನೇ ಪಕ್ಕದಲ್ಲಿ ಕೂತು ಕೇಳಿದ್ದು. ಅತ್ತ ಕಡೆಯ ಹೆಣ್ಣುಮಗಳ ದನಿ ಬಲು ಇಂಪು. ‘ಸಾರ್, ನಿಮ್ಮ ಮಗಳ ಹನ್ನೊಂದನೇ ಕ್ಲಾಸಿನ ಮಾರ್ಕು ನೋಡಿದ್ವಿ. ಕೌನ್ಸೆಲಿಂಗಲ್ಲಿ ಒಳ್ಳೇ ಕಾಲೇಜಲ್ಲಿ ಕಂಪ್ಯೂಟರ್ ಸೈನ್ಸ್ ಸಿಗೋ ಚಾನ್ಸು ನಲವತ್ತು ಪರ್ಸೆಂಟ್ ಮಾತ್ರ. ನಮ್ಮಲ್ಲಿ ಈ ಭಾನುವಾರದೊಳಗೆ ಐವತ್ತು ಸಾವಿರ ಕಟ್ಟಿದ್ರೆ ಸೀಟು ಕನ್ಫರ್ಮ್.’ ಪರೀಕ್ಷೆಯೇ ಬರೆಯದ ಹುಡುಗಿಗೆ ನಲವತ್ತು ಪರ್ಸೆಂಟ್ ಅನ್ನೋ ಲೆಕ್ಕ ಎಲ್ಲಿಂದ ಬಂತು ಅಂತ ಅಣ್ಣ ಕೇಳಲಿಲ್ಲ. ‘ಅಂದ್ರೆ ಅರವತ್ತು ಪರ್ಸೆಂಟ್ ಸಿಗಲ್ಲ ಅಂತ ತಾನೆ?’ ಅಂತ ನನ್ನ ಮುಖ ನೋಡಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ಆ ಕುಲಾವಿಗೆ ಈಗ ಐವತ್ತು ಸಾವಿರ.

ತಮಿಳುನಾಡಿನ ಇಂಜಿನಿಯರಿಂಗ್ ಪ್ರವೇಶಕ್ಕೆ ಸೀಟು ಸಿಗುವ ಸಾಧ್ಯತೆಯನ್ನು ಮೊದಲೇ ಊಹಿಸಿಕೊಂಡು ಕೂರಬೇಕಾಗಿಲ್ಲ. ಯಾಕೆ ಅಂತ ವಿವರಿಸುತ್ತೇನೆ. ಇಲ್ಲಿ ಪ್ರವೇಶ ಪರೀಕ್ಷೆ ಇಲ್ಲ. 2006ರ ಕಾಯ್ದೆ ಅದನ್ನು ತೆಗೆದು ಹಾಕಿತು. ಗಣಿತಕ್ಕೆ 100, ಭೌತಶಾಸ್ತ್ರಕ್ಕೆ 50, ರಸಾಯನಶಾಸ್ತ್ರಕ್ಕೆ 50, ಒಟ್ಟು 200ಕ್ಕೆ ಕಟಾಫ್ ಅಂಕ. ಆ ಅಂಕದ ಮೇಲೆ ಇಡೀ ರಾಜ್ಯಕ್ಕೆ ಒಂದೇ ರ‍್ಯಾಂಕ್ ಪಟ್ಟಿ. ಟಿಎನ್‌ಇಎ ಅನ್ನುವ ಈ ಏಕಗವಾಕ್ಷಿ 2018ರಿಂದ ಪೂರ್ತಿ ಆನ್‌ಲೈನ್. ನಿಮಗೆ ಬೇಕಾದ ಕಾಲೇಜು ಮತ್ತು ಬ್ರಾಂಚುಗಳನ್ನು ನಿಮಗೆ ಬೇಕಾದ ಕ್ರಮದಲ್ಲಿ ಹಾಕುತ್ತೀರಿ. ಎಷ್ಟು ಹಾಕಬೇಕು ಅನ್ನುವುದಕ್ಕೆ ಮಿತಿಯಿಲ್ಲ. ನಿಮ್ಮ ಸರದಿ ಬಂದಾಗ ಕಂಪ್ಯೂಟರು ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ ಬಂದು, ಮೊದಲು ಖಾಲಿ ಕಂಡದ್ದನ್ನು ನಿಮಗೆ ಕೊಡುತ್ತದೆ.

ಇದರಲ್ಲಿ ಇರುವ ಸೂಕ್ಷ್ಮ ಎಷ್ಟೋ ಮೇಷ್ಟ್ರುಗಳಿಗೇ ತಿಳಿದಿಲ್ಲ. ಸಿಗಲಾರದ ಕಾಲೇಜನ್ನು ಪಟ್ಟಿಯ ತುದಿಯಲ್ಲಿ ಹಾಕಿದರೆ ನಿಮಗೆ ಒಂದು ಕಾಸಿನ ನಷ್ಟವೂ ಇಲ್ಲ. ಚೆನ್ನೈನ ಗಿಂಡಿ ಇಂಜಿನಿಯರಿಂಗ್ ಕಾಲೇಜನ್ನು ಮೊದಲು ಬರೆದಿರಿ, ಸಿಗಲಿಲ್ಲ, ಕಂಪ್ಯೂಟರು ಎರಡನೆಯದಕ್ಕೆ ಇಳಿಯುತ್ತದೆ, ಅಷ್ಟೇ. ಗಿಂಡಿ ಬರೆದ ಶಿಕ್ಷೆಗೆ ಎರಡನೆಯದು ಕೈ ತಪ್ಪುವುದಿಲ್ಲ. ಹಾಗಿದ್ದ ಮೇಲೆ ಪಟ್ಟಿಯ ಮೇಲಿನ ಭಾಗಕ್ಕೆ ಚಾನ್ಸಿನ ಲೆಕ್ಕ ಯಾಕೆ? ಅಲ್ಲಿ ಬೇಕಿರುವುದು ಆಸೆಯ ಕ್ರಮ. ಲೆಕ್ಕ ಬೇಕಾಗುವುದು ಪಟ್ಟಿಯ ಕೊನೆಗೆ: ಏನೂ ಸಿಗದೆ ಕೈ ಖಾಲಿ ಆಗಬಾರದು ಅಂದರೆ ಎಲ್ಲಿಯವರೆಗೆ ಇಳಿಯಬೇಕು ಅನ್ನುವುದಕ್ಕೆ.

ಆದರೆ ನಮ್ಮವರು ಮಾಡುವುದು ಉಲ್ಟಾ. ‘ಸಿಗಲ್ಲ’ ಅಂತ ಯಾರೋ ಹೇಳಿದ್ದಕ್ಕೆ ಮೇಲಿನದನ್ನು ಬರೆಯುವುದೇ ಇಲ್ಲ, ಕೆಳಗೆ ನಾಲ್ಕೈದು ಸಾಲಿಗೆ ನಿಲ್ಲಿಸಿಬಿಡುತ್ತಾರೆ. ಬ್ರೌಸಿಂಗ್ ಸೆಂಟರಿನಲ್ಲಿ ಒಮ್ಮೆ ಪರದೆ ಮೇಲೆ ಒಂದು ಪಟ್ಟಿ ನೋಡಿದೆ. ಹುಡುಗ ಹಾಕಿದ್ದು ಆರೇ ಆರು. ಅದರಲ್ಲಿ ಮೂರು ಒಂದೇ ಕಾಲೇಜಿನವು. ‘ಪಿಎಸ್‌ಜಿ’ ಅಂತ ಹುಡುಕಿ ಕಂಡದ್ದನ್ನು ಒತ್ತಿದ್ದ. ಪಿಎಸ್‌ಜಿ ಟೆಕ್ ಬೇರೆ, ಅದೇ ಆಡಳಿತದ ಪಿಎಸ್‌ಜಿ ಐಟೆಕ್ ಬೇರೆ, ಎರಡಕ್ಕೂ ಕೋಡ್ ನಂಬರ್ ಬೇರೆ ಬೇರೆ ಅನ್ನುವುದು ಅವನ ಗಮನಕ್ಕೆ ಬಂದಿರಲಿಲ್ಲ. ಪಿಎಸ್‌ಜಿ ಟೆಕ್, ಸಿಐಟಿಯಂಥ ಅನುದಾನಿತ ಕಾಲೇಜುಗಳಲ್ಲಿ ಒಂದೇ ಬ್ರಾಂಚು ಎರಡು ಸಲ ಕಾಣಿಸಬಹುದು. ಒಂದರ ಮುಂದೆ ‘ಎಸ್‌ಎಸ್’ ಅಂತ ಇರುತ್ತದೆ. ಅದು ಸ್ವಯಂ ಹಣಕಾಸಿನ ವಿಭಾಗ, ಫೀಸು ಜಾಸ್ತಿ. ಆ ಎರಡಕ್ಷರ ಇಲ್ಲದ ಸಾಲು ಅನುದಾನಿತ, ಫೀಸು ಕಡಿಮೆ. ಮನೆಯ ಒಂದು ವರ್ಷದ ಸಂಪಾದನೆಯನ್ನೇ ಆಚೆ ಈಚೆ ಮಾಡುವ ಎರಡಕ್ಷರವನ್ನು ಹುಡುಗ ಅರ್ಧ ಸೆಕೆಂಡಿನಲ್ಲಿ ಉಜ್ಜಿ ದಾಟಿದ್ದ. ಚಾನ್ಸ್ ಎಷ್ಟು ಅಂತ ಹತ್ತು ಜನರನ್ನು ಕೇಳಿದವರು ಆ ಪರದೆಯನ್ನು ಹತ್ತು ನಿಮಿಷ ನೋಡಿರಲಿಲ್ಲ.

ಸೀಟು ಕೊಟ್ಟ ಮೇಲೂ ಬಾಗಿಲು ಮುಚ್ಚುವುದಿಲ್ಲ. ಒಪ್ಪಿ ಸೇರಿಕೊಳ್ಳಬಹುದು, ಒಪ್ಪಿಕೊಂಡು ಮೇಲಿನ ಆಯ್ಕೆಗೆ ಕಾಯಬಹುದು, ಬೇಡವೆಂದು ಮುಂದಿನ ಸುತ್ತಿಗೆ ಹೋಗಬಹುದು. ಇಷ್ಟೆಲ್ಲಾ ಆದ ಮೇಲೂ ಪ್ರತಿ ವರ್ಷ ರಾಜ್ಯದಲ್ಲಿ ಹತ್ತಾರು ಸಾವಿರ ಇಂಜಿನಿಯರಿಂಗ್ ಸೀಟು ಖಾಲಿ ಉಳಿಯುತ್ತವೆ. ‘ಸೀಟೇ ಸಿಗಲ್ಲ’ ಅಂತ ಫೆಬ್ರವರಿಯಲ್ಲಿ ಹೆದರಿಸುವವರ ಕಾಲೇಜಿನಲ್ಲೇ ಸೆಪ್ಟೆಂಬರಿನಲ್ಲಿ ಬೆಂಚು ಖಾಲಿ ಇರುವುದನ್ನು ನೋಡಿ ಬರಬಹುದು.

ಇನ್ನು ಅಂಕದ ಮಾತು. ಹೋದ ವರ್ಷ ಇಂಥ ಕಾಲೇಜಲ್ಲಿ ಇಷ್ಟಕ್ಕೆ ನಿಂತಿತ್ತು, ಈ ವರ್ಷವೂ ಅಷ್ಟೇ ಅನ್ನುವವರನ್ನು ನಂಬಬೇಡಿ. 2024ರಲ್ಲಿ 200ಕ್ಕೆ 200 ತೆಗೆದವರು 65 ಮಂದಿ. 2025ರಲ್ಲಿ 144. ಒಂದೇ ವರ್ಷದಲ್ಲಿ ತುದಿಯಲ್ಲೇ ಇಮ್ಮಡಿ ಗುಂಪು. ತುದಿ ತುಂಬಿದರೆ ಕೆಳಗಿನವರೆಲ್ಲ ಒಂದಿಷ್ಟು ಜರುಗಬೇಕು. ಅದಕ್ಕೇ ಅಂಕ ಬಿಡಿ, ರ‍್ಯಾಂಕ್ ಹಿಡಿಯಿರಿ. ಟಿಎನ್‌ಇಎ ಪಟ್ಟಿಯಲ್ಲಿ ಎರಡು ಸಂಖ್ಯೆ ಇರುತ್ತವೆ: ರಾಜ್ಯದ ಒಟ್ಟು ರ‍್ಯಾಂಕ್, ನಿಮ್ಮ ಸಮುದಾಯದ ವರ್ಗದೊಳಗಿನ ರ‍್ಯಾಂಕ್. ಬಿಸಿ, ಅಂದರೆ ಹಿಂದುಳಿದ ವರ್ಗದ ಮಗುವಿಗೆ ಸಾಮಾನ್ಯ ವರ್ಗದ 31 ಪರ್ಸೆಂಟಿನ ಬಾಗಿಲೂ ತೆರೆದಿದೆ, ಬಿಸಿಗೆ ಮೀಸಲಾದ 26.5ರ ಬಾಗಿಲೂ ತೆರೆದಿದೆ. ಎರಡೂ ರ‍್ಯಾಂಕನ್ನು ಹಿಂದಿನ ಎರಡು ಮೂರು ವರ್ಷದ ಕೊನೆಯ ರ‍್ಯಾಂಕಿನ ಪಕ್ಕ ಇಟ್ಟು ನೋಡಿದರೆ ಯಾವ ಕನ್ಸಲ್ಟೆಂಟೂ ಹೇಳಲಾಗದಷ್ಟು ನಿಮಗೇ ಗೊತ್ತಾಗುತ್ತದೆ.

ನೀಟ್ ಕಥೆ ಇದಕ್ಕಿಂತ ಭಯಂಕರ. ಪರೀಕ್ಷೆ 720 ಅಂಕದ್ದು. 2024ರಲ್ಲಿ ಗ್ರೇಸ್ ಅಂಕದ ಗಲಾಟೆ, ಸುಪ್ರೀಂ ಕೋರ್ಟು, ಮರುಪಟ್ಟಿ ಎಲ್ಲ ಮುಗಿದ ಮೇಲೂ ಪೂರ್ತಿ 720 ತೆಗೆದವರು 17 ಮಂದಿ ಉಳಿದರು. 650 ದಾಟಿದವರು ದೇಶದಲ್ಲಿ 30 ಸಾವಿರದ ಆಸುಪಾಸು. ಮರು ವರ್ಷ, 2025ರಲ್ಲಿ, ಭೌತಶಾಸ್ತ್ರ ಎಲ್ಲರನ್ನೂ ಅಳಿಸಿತು. ದೇಶಕ್ಕೇ ಮೊದಲು ಬಂದವನ ಅಂಕ 686. 650 ದಾಟಿದವರು ನೂರು ಮಂದಿಯೂ ಇರಲಿಲ್ಲ. ಅಂದರೆ ಒಂದು ವರ್ಷ ಮೂವತ್ತು ಸಾವಿರದ ಹಿಂದೆ ನಿಲ್ಲಿಸಿದ ಅಂಕವೇ ಮರು ವರ್ಷ ದೆಹಲಿಯ ಏಮ್ಸ್ ಬಾಗಿಲಿಗೆ ತಂದು ಬಿಡುವಂಥದ್ದು. 2025ರ ಮೇ ತಿಂಗಳಲ್ಲಿ ಕೀ ಉತ್ತರ ನೋಡಿ 540 ಅಂತ ಲೆಕ್ಕ ಹಾಕಿ ಅತ್ತ ಮಕ್ಕಳೆಷ್ಟೋ! ಅಪ್ಪಂದಿರು ಹಳೇ ವರ್ಷದ ಪಟ್ಟಿ ಮುಂದಿಟ್ಟುಕೊಂಡು ‘ಮುಗೀತು’ ಅಂದಿದ್ದರು. ಜೂನಿನಲ್ಲಿ ರ‍್ಯಾಂಕ್ ಬಂದ ಮೇಲೆ ಕೆಲವರ ಕೈಗೆ ಸರಕಾರಿ ಸೀಟೇ ಬಂತು.

ಜೆಇಇ ಮೇನ್ಸಿನದು ಇನ್ನೊಂದು ಗೊಂದಲ. ‘ತೊಂಬತ್ತೇಳು ತೆಗೆದಿದ್ದಾನೆ’ ಅಂತ ಸ್ವೀಟು ಹಂಚುತ್ತಾರೆ. ಅದು ನೂರಕ್ಕೆ ತೊಂಬತ್ತೇಳು ಅಂಕ ಅಲ್ಲವೇ ಅಲ್ಲ, ಪರ್ಸೆಂಟೈಲ್. ಹದಿನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿ ಬರೆಯುವ ಪರೀಕ್ಷೆಯಲ್ಲಿ ನಿಮ್ಮ ಮುಂದೆ ಶೇಕಡ ಮೂರರಷ್ಟು ಮಂದಿ ಇದ್ದಾರೆ ಅಂದರೆ ಲೆಕ್ಕ ನೀವೇ ಹಾಕಿ: 40 ಸಾವಿರ ದಾಟಿದ ಜಾಗ. ದೇಶದ ಎಲ್ಲ ಎನ್‌ಐಟಿಗಳ ಸೀಟು ಸೇರಿಸಿದರೂ 24 ಸಾವಿರ ಚಿಲ್ಲರೆ. ಸ್ವೀಟು ಹಂಚಿ, ಬೇಡ ಅನ್ನುವುದಿಲ್ಲ. ಜತೆಗೆ ಟಿಎನ್‌ಇಎ ಅರ್ಜಿಯನ್ನೂ ಹಾಕಿರಿ.

ಆರು ವರ್ಷ ತಡವಾಗಿ ಕೇಳುವವರು ಅಂದೆನಲ್ಲ, ಈ ಅಂಕಣ ಬರೆಯಲು ಕೂತದ್ದೇ ಅವರಿಗಾಗಿ. ನಮ್ಮ ಕೊಂಗು ಸೀಮೆಯ ಕನ್ನಡ ಮನೆಗಳಲ್ಲಿ, ದೇವಾಂಗರಿರಲಿ, ಒಕ್ಕಲಿಗ ಗೌಡರಿರಲಿ, ಮಗುವಿನ ಸೀಟನ್ನು ಪ್ಲಸ್ ಟು ಅಂಕಕ್ಕಿಂತ ಮೊದಲೇ ಕೆಲವು ಕಾಗದಗಳು ಅರ್ಧ ತೀರ್ಮಾನಿಸಿಬಿಟ್ಟಿರುತ್ತವೆ. ಅದನ್ನು ಯಾರೂ ಚಾನ್ಸ್ ಅಂತ ಕರೆಯುವುದಿಲ್ಲ.

ಮೊದಲನೆಯದು ಆರನೇ ಕ್ಲಾಸು. ಸರಕಾರಿ ಶಾಲೆಯಲ್ಲಿ ಆರರಿಂದ ಹನ್ನೆರಡರ ತನಕ ಓದಿದ ಮಕ್ಕಳಿಗೆ ತಮಿಳುನಾಡು 2020ರಲ್ಲಿ ವೈದ್ಯಕೀಯ ಸೀಟಿನಲ್ಲಿ ಶೇಕಡ 7.5 ಒಳಮೀಸಲಾತಿ ತಂದಿತು. ರಾಜ್ಯಪಾಲರ ಸಹಿಗೆ ಕಾದು ಕಾದು ಅಕ್ಟೋಬರ್ ಕೊನೆಗೆ ಸರಕಾರವೇ ಆದೇಶ ಹೊರಡಿಸಿದ ಮೇಲೆ ಸಹಿ ಬಿತ್ತು. ಅದಕ್ಕೂ ಹಿಂದಿನ ವರ್ಷ ಬೆರಳೆಣಿಕೆಯ ಸರಕಾರಿ ಶಾಲೆ ಮಕ್ಕಳು ಎಂಬಿಬಿಎಸ್ ಸೇರಿದ್ದರು. ಆ ವರ್ಷ 300 ದಾಟಿತು. 2021ರಿಂದ ಇಂಜಿನಿಯರಿಂಗ್, ಕೃಷಿ, ಕಾನೂನು ಕೋರ್ಸುಗಳಿಗೂ ಅದೇ 7.5, ಫೀಸು ಹಾಸ್ಟೆಲ್ ಖರ್ಚು ಸರಕಾರದ್ದೇ. ಈಗ ನೋಡಿ, ಐದನೇ ಕ್ಲಾಸು ಮುಗಿದ ಮಗುವನ್ನು ‘ಇಂಗ್ಲಿಷ್ ಬರಲಿ’ ಅಂತ ಬೋರ್ಡು ಹೊಳೆಯುವ ಶಾಲೆಗೆ ಹಾಕುವ ದಿನ ಅಪ್ಪ ಅಮ್ಮ ಒಂದು ಬಾಗಿಲು ಮುಚ್ಚಿ ಬಂದಿರುತ್ತಾರೆ. ಮುಚ್ಚಬಾರದು ಅಂತ ನಾನು ಹೇಳಲಾರೆ, ಶಾಲೆ ಅವರವರ ಆಯ್ಕೆ. ಆದರೆ ಒಂಬತ್ತನೇ ಕ್ಲಾಸಿಗೆ ಮತ್ತೆ ಸರಕಾರಿ ಶಾಲೆಗೆ ಬಂದವರು ‘ಪ್ಲಸ್ ಟು ಸರಕಾರಿ ಶಾಲೆಯಲ್ಲೇ ತಾನೇ ಓದಿದ್ದು’ ಅಂತ ವಾದಿಸುವುದನ್ನು ಕೇಳಿದಾಗ ಹೊಟ್ಟೆ ಉರಿಯುತ್ತದೆ. ನಡುವಿನ ಆ ಮೂರು ವರ್ಷ ಖಾಸಗಿಯಲ್ಲಿ ಆರ್‌ಟಿಇ ಅಡಿ ಓದಿದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ, ಫೀಸು ಕಟ್ಟಿ ಓದಿದ್ದರೆ ಇಲ್ಲ.

ಎರಡನೆಯದು ಜಾತಿ ಸರ್ಟಿಫಿಕೇಟು. ತಮಿಳುನಾಡಿನ ಪಟ್ಟಿಯಲ್ಲಿ ದೇವಾಂಗರು ಬಿಸಿ. ಇಲ್ಲಿ ಬಿಸಿ ಮೀಸಲಾತಿಗೆ ಕೆನೆಪದರದ ಅಡ್ಡಿಯಿಲ್ಲ. ಅಪ್ಪನ ಸಂಪಾದನೆ ಎಷ್ಟೇ ಇರಲಿ, ಇ-ಸೇವೈಯಲ್ಲಿ ತೆಗೆದ ಬಿಸಿ ಸರ್ಟಿಫಿಕೇಟು ಟಿಎನ್‌ಇಎಗೆ ಸಾಕು. ಆದರೆ ಐಐಟಿ, ಎನ್‌ಐಟಿ, ನೀಟಿನ ಅಖಿಲ ಭಾರತ ಕೋಟಾ ಇವಕ್ಕೆ ಅದು ಉಪಯೋಗಕ್ಕಿಲ್ಲ. ಅಲ್ಲಿ ಬೇಕಿರುವುದು ಕೇಂದ್ರದ ನಮೂನೆಯ ಒಬಿಸಿ ನಾನ್ ಕ್ರೀಮಿಲೇಯರ್. ಎಂಟು ಲಕ್ಷದ ಮಿತಿ ಇದೆ. ಐಐಟಿ, ಎನ್‌ಐಟಿ ಸೀಟು ಹಂಚುವ ಜೋಸಾ ಕೌನ್ಸೆಲಿಂಗಿಗೆ ಆ ವರ್ಷದ ಏಪ್ರಿಲ್ 1ರ ನಂತರ ಕೊಟ್ಟದ್ದೇ ಆಗಬೇಕು. ಹಳೇ ಸರ್ಟಿಫಿಕೇಟು ಅಪ್‌ಲೋಡ್ ಮಾಡಿದ ಮಗು ಸಾಮಾನ್ಯ ವರ್ಗಕ್ಕೆ ಬಿದ್ದರೆ ರ‍್ಯಾಂಕಿನ ಲೆಕ್ಕವೇ ಬದಲು. ಜೂನ್ ತಿಂಗಳಲ್ಲಿ ತಾಲ್ಲೂಕು ಆಫೀಸಿನ ಮುಂದೆ ಬಿಸಿಲಲ್ಲಿ ನಿಂತಿರುವ ಅಪ್ಪಂದಿರಲ್ಲಿ ಅರ್ಧ ಜನ ಈ ಕಾಗದಕ್ಕೆ ಬಂದವರು. ಅದನ್ನು ಏಪ್ರಿಲಿನಲ್ಲೇ ಮುಗಿಸಿಕೊಂಡಿದ್ದರೆ ಆ ಸಾಲಿನಲ್ಲಿ ನಿಲ್ಲುವ ಪಾಡು ತಪ್ಪುತ್ತಿತ್ತು.

ಮೂರನೆಯದು ಕರ್ನಾಟಕದ ಆಸೆ. ನಮ್ಮಲ್ಲಿ ಹತ್ತನೇ ಕ್ಲಾಸಿನಲ್ಲಿ ಒಳ್ಳೆ ಅಂಕ ತೆಗೆದ ಮಗುವನ್ನು ಮೂಡುಬಿದಿರೆಗೋ ಮಂಗಳೂರಿಗೋ ಪಿಯುಸಿಗೆ ಕಳಿಸುವ ಚಾಳಿ ಇದೆ. ‘ಭಾಷೆ ನಮ್ಮದೇ, ಅಲ್ಲಿನ ಸಿಇಟಿಯೂ ಸಿಗುತ್ತೆ’ ಅನ್ನುವ ನಂಬಿಕೆ ಬೇರೆ. ಸಿಇಟಿಯ ಸಾಮಾನ್ಯ ನಿಯಮ ಏನು ಗೊತ್ತೇ? ಒಂದನೇ ಕ್ಲಾಸಿನಿಂದ ದ್ವಿತೀಯ ಪಿಯುಸಿ ತನಕ ಕರ್ನಾಟಕದಲ್ಲಿ ಕಡಿಮೆಯೆಂದರೆ ಏಳು ವರ್ಷ ಓದಿರಬೇಕು. ಎರಡು ವರ್ಷಕ್ಕೆ ಆ ಬಾಗಿಲು ತೆರೆಯುವುದಿಲ್ಲ. ಎನ್‌ಐಟಿಯ ಲೆಕ್ಕ ಅದಕ್ಕೂ ವಿಚಿತ್ರ. ಅಲ್ಲಿ ಅರ್ಧ ಸೀಟು ಆಯಾ ರಾಜ್ಯದವರಿಗೆ. ಆದರೆ ‘ಆಯಾ ರಾಜ್ಯ’ ಅಂದರೆ ಹುಟ್ಟಿದ್ದಲ್ಲ, ಮನೆಮಾತಿನದ್ದೂ ಅಲ್ಲ, ಹನ್ನೆರಡನೇ ಕ್ಲಾಸು ಪಾಸಾದ ರಾಜ್ಯ. ಪೊಳ್ಳಾಚಿಯಲ್ಲೇ ಪ್ಲಸ್ ಟು ಮುಗಿಸಿದರೆ ನಿಮ್ಮ ಮಗುವಿಗೆ ತಿರುಚಿರಾಪಳ್ಳಿ ಸ್ವಂತ ಊರು, ಸುರತ್ಕಲ್ ಪರರಾಜ್ಯ. ಮೂಡುಬಿದಿರೆಯಲ್ಲಿ ಪಿಯುಸಿ ಮುಗಿಸಿದ ದಿನದಿಂದ ಅದು ತಲೆಕೆಳಗು. ಲಾಭವೋ ನಷ್ಟವೋ ಆಯಾ ಮಗುವಿನ ಮೇಲೆ ನಿಂತಿದೆ. ಆದರೆ ಹಾಸ್ಟೆಲ್ ಫೀಸು ಕಟ್ಟುವಾಗ ಈ ಲೆಕ್ಕ ಹಾಕಿದ ಒಬ್ಬ ಅಪ್ಪನನ್ನೂ ನಾನು ಕಂಡಿಲ್ಲ. ಇತ್ತ ತಮಿಳುನಾಡಿನ ಸೀಟಿಗೆ ಮರಳುವಾಗ ನೇಟಿವಿಟಿ ಸರ್ಟಿಫಿಕೇಟು ಬೇಕಾಗುತ್ತದೆ, 7.5ರ ಮಾತಂತೂ ಇಲ್ಲವೇ ಇಲ್ಲ.

ಹಾಗಾದರೆ ಕನ್ನಡದ ಮಕ್ಕಳಿಗೆ ಕರ್ನಾಟಕದಲ್ಲಿ ಏನೂ ಇಲ್ಲವೇ? ಇದೆ. ಗಡಿನಾಡು ಕನ್ನಡಿಗ, ಹೊರನಾಡು ಕನ್ನಡಿಗ ಅಂತ ಎರಡು ಬಾಗಿಲು. ಗಡಿನಾಡಿನ ಪಟ್ಟಿಯಲ್ಲಿ ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ಇವೆ. ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್, ಗಡಹಿಂಗ್ಲಜ ಇವೆ. ತಮಿಳುನಾಡಿನ ಒಂದು ತಾಲ್ಲೂಕೂ ಇಲ್ಲ. ತಾಳವಾಡಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಕನ್ನಡವೇ ಆಡುವ ಊರುಗಳಿವೆ, ಅವೂ ಇಲ್ಲ. ಇದರ ಬಗ್ಗೆ ಬೆಂಗಳೂರಿನ ಕನ್ನಡಪರರು ನವೆಂಬರ್ ತಿಂಗಳಲ್ಲಾದರೂ ಒಂದು ಮಾತೆತ್ತಬಹುದಿತ್ತು! ನಮ್ಮವರಿಗೆ ಉಳಿದಿರುವುದು ಹೊರನಾಡಿನ ಬಾಗಿಲು, ಅದಕ್ಕೂ ಅದರದೇ ಷರತ್ತುಗಳಿವೆ. ಅವುಗಳಲ್ಲಿ ಒಂದು, ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರತಿ ವರ್ಷ ನಡೆಸುವ ಕನ್ನಡ ಭಾಷಾ ಪರೀಕ್ಷೆ. ಅದರಲ್ಲಿ ಪಾಸಾಗಬೇಕು. ಮನೆಯಲ್ಲಿ ಅಜ್ಜಿಯ ಹತ್ತಿರ ಸರಾಗ ಕನ್ನಡ ಆಡುವ, ಚೌಡೇಶ್ವರಿ ಹಬ್ಬದಲ್ಲಿ ಮೈಮರೆತು ಕೂಗುವ ನಮ್ಮ ಮಕ್ಕಳಿಗೆ ಅ ಆ ಇ ಈ ಬರೆಯಲು ಬರುವುದಿಲ್ಲ. ಬೋರ್ಡು ತಮಿಳಲ್ಲಿ, ಪುಸ್ತಕ ತಮಿಳಲ್ಲಿ ಇಲ್ಲವೇ ಇಂಗ್ಲಿಷಲ್ಲಿ. ಸಿಇಟಿಯ ಭೌತಶಾಸ್ತ್ರಕ್ಕೆ ಎರಡು ವರ್ಷ ಟ್ಯೂಷನ್ ಕೊಡಿಸುವವರು ಅಕ್ಷರಮಾಲೆಗೆ ಎರಡು ತಿಂಗಳ ರಜೆ ಕೊಡಲಾರರೇ? ಮನೆಮಾತು ಕೈ ಹಿಡಿದು ಸೀಟು ಕೊಡಿಸಬಹುದಾದ ಅಪರೂಪದ ಜಾಗ ಅದು, ಮಗುವಿಗೆ ಓದಲು ಬಂದರೆ.

ಇಷ್ಟೆಲ್ಲ ಸರಿ ಮಾಡಿಟ್ಟರೂ ಸರಕಾರಗಳು ಆಟದ ನಡುವೆ ನಿಯಮ ಬದಲಿಸಿದರೆ ಲೆಕ್ಕ ಹಾಕಿದವರೇ ಬೆಪ್ಪರು. ಗೋಪಾಲಪುರಂ ಚೆಕ್‌ಪೋಸ್ಟ್ ದಾಟಿದರೆ ಪಾಲಕ್ಕಾಡ್ ಜಿಲ್ಲೆ. ಅಲ್ಲಿ 2025ರಲ್ಲಿ ಆದದ್ದು ನಮ್ಮ ಕಣ್ಣ ಮುಂದೆಯೇ. ಕೇರಳದ ಕೀಮ್ ಪ್ರವೇಶಕ್ಕೆ ಪ್ರವೇಶ ಪರೀಕ್ಷೆ ಅರ್ಧ, ಪ್ಲಸ್ ಟು ಅಂಕ ಅರ್ಧ. ಬೇರೆ ಬೇರೆ ಬೋರ್ಡುಗಳ ಅಂಕವನ್ನು ಹೊಂದಿಸುವ ಸೂತ್ರವನ್ನು ಸರಕಾರ ಪರೀಕ್ಷೆ ಮುಗಿದ ಮೇಲೆ ಬದಲಿಸಿತು. ಜುಲೈ 1ರಂದು ರ‍್ಯಾಂಕ್ ಪಟ್ಟಿ ಬಂತು, ಊರೂರಲ್ಲಿ ಫ್ಲೆಕ್ಸ್ ಬಿತ್ತು. ವಾರ ಕಳೆಯುತ್ತಿದ್ದಂತೆ ಹೈಕೋರ್ಟು ಅದನ್ನು ರದ್ದು ಮಾಡಿತು. ಹಳೇ ಸೂತ್ರದಲ್ಲಿ ಹೊಸ ಪಟ್ಟಿ ಬಂದಾಗ ಮೊದಲ ರ‍್ಯಾಂಕಿನ ಹುಡುಗ ಏಳನೆಯವನಾದ. ಏಳನೆಯವನಿಗೆ ಸೀಟಿನ ಚಿಂತೆಯಿಲ್ಲ ಬಿಡಿ. ಆದರೆ ರಾಜ್ಯ ಪಠ್ಯಕ್ರಮದಲ್ಲಿ ಓದಿ ನಡುವಿನಲ್ಲೆಲ್ಲೋ ನಿಂತಿದ್ದ ಮಕ್ಕಳು ಸಾವಿರಗಟ್ಟಲೆ ಹಿಂದೆ ಸರಿದರು. ಕರ್ನಾಟಕದವರಿಗೂ ಇದು ಹೊಸದಲ್ಲ. 2021ರಲ್ಲಿ ಕೋವಿಡ್ ಕಾರಣಕ್ಕೆ ಪರೀಕ್ಷೆ ಇಲ್ಲದೆ ಪಿಯುಸಿ ಪಾಸಾದವರು 2022ರಲ್ಲಿ ಮತ್ತೆ ಸಿಇಟಿ ಬರೆದಾಗ ಅವರ ಪಿಯು ಅಂಕವನ್ನೇ ಲೆಕ್ಕಕ್ಕೆ ಹಿಡಿಯಲಿಲ್ಲ. ಸುಮಾರು 24 ಸಾವಿರ ಮಕ್ಕಳ ರ‍್ಯಾಂಕು ಕೋರ್ಟಿನಲ್ಲಿ ತೂಗಾಡಿತು.

ನಿಜವಾಗಿ ಕೂತು ಚಾನ್ಸ್ ಲೆಕ್ಕ ಹಾಕಬೇಕಾದ ಜಾಗ ಒಂದಿದೆ, ಮತ್ತೊಂದು ವರ್ಷ ನೀಟಿಗೆ ಕೂರಬೇಕೇ ಅನ್ನುವ ಕಡೆ. ಅಲ್ಲಿ ಮಾತ್ರ ಯಾರೂ ಲೆಕ್ಕ ಹಾಕುವುದಿಲ್ಲ. ‘ಇನ್ನೊಂದು ಸಲ ಬರೀಲಿ’ ಅಂತ ಒಂದೇ ಮಾತು. ನಮ್ಮ ಸೀಮೆಯಲ್ಲಿ ಕೊಯಮತ್ತೂರಿನ 1966ರ ಮೆಡಿಕಲ್ ಕಾಲೇಜು ಇದೆ, 2022ರ ಜನವರಿಯಲ್ಲಿ ಒಂದೇ ದಿನ ಉದ್ಘಾಟನೆಯಾದ ಹನ್ನೊಂದರಲ್ಲಿ ತಿರುಪ್ಪೂರಿನದೂ ನೀಲಗಿರಿಯದೂ ಇವೆ. ಸೀಟು ಹೆಚ್ಚಿದೆ ನಿಜ. ಬರೆಯುವವರು ದೇಶದಲ್ಲಿ 20 ಲಕ್ಷ ದಾಟಿದ್ದಾರೆ. ನಾನು ಕೇಳುವುದು ಒಂದೇ: ಮೊದಲ ಸಲ ಯಾವ ವಿಷಯದಲ್ಲಿ ಎಷ್ಟು ಹೋಯಿತು? ಜೀವಶಾಸ್ತ್ರದಲ್ಲಿ 320 ತೆಗೆದು ಭೌತಶಾಸ್ತ್ರದಲ್ಲಿ ಮುಗ್ಗರಿಸಿದ ಮಗುವಿಗೆ ಒಂದು ವರ್ಷ ಸಾರ್ಥಕ ಆಗಬಹುದು. ಎಲ್ಲದರಲ್ಲೂ ಸಮನಾಗಿ ಸಾಧಾರಣ ತೆಗೆದು, ನೀಟ್ ಪುಸ್ತಕ ಕಂಡರೆ ಮುಖ ಬಾಡಿಸಿಕೊಳ್ಳುವ ಮಗುವನ್ನು ನಾಮಕ್ಕಲ್ ಕಡೆಯ ಹಾಸ್ಟೆಲಿನಲ್ಲಿ ಹತ್ತು ತಿಂಗಳು ಕೂಡಿಹಾಕುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಅಂಥ ಮನೆಯವರು ಕೋಪ ಮಾಡಿಕೊಂಡರೂ ಸರಿಯೇ.

ಅಮೆರಿಕದಲ್ಲಿರುವ ನಮ್ಮ ನೆಂಟರ ಮಕ್ಕಳದ್ದು ಬೇರೆ ಗೋಳು. ಹಾರ್ವರ್ಡಿಗೆ 2024ರಲ್ಲಿ ಸೇರಲು 54 ಸಾವಿರ ಅರ್ಜಿ, ಪ್ರವೇಶ ಸಿಕ್ಕಿದ್ದು 1,937 ಮಂದಿಗೆ. ನೂರಕ್ಕೆ ನಾಲ್ಕೂ ಇಲ್ಲ. ಆದರೆ ಆ ಸರಾಸರಿ ಯಾರ ಚಾನ್ಸೂ ಅಲ್ಲ. ಹಾರ್ವರ್ಡಿನ ಮೇಲಿನ ಮೊಕದ್ದಮೆಯಲ್ಲಿ ಹೊರಬಿದ್ದ ಅಂಕಿ ಅಂಶವನ್ನು ಅರ್ಥಶಾಸ್ತ್ರಜ್ಞರು ಜಾಲಾಡಿದಾಗ ಕಂಡದ್ದು, ಪ್ರವೇಶ ಸಿಕ್ಕ ಬಿಳಿಯ ಮಕ್ಕಳಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಕ್ರೀಡಾಪಟುಗಳು, ಹಳೇ ವಿದ್ಯಾರ್ಥಿಗಳ ಮಕ್ಕಳು, ಸಿಬ್ಬಂದಿಯ ಮಕ್ಕಳು, ಇಲ್ಲವೇ ಡೀನ್ ಪಟ್ಟಿಯಲ್ಲಿ ಬಂದ ದಾನಿಗಳ ಕಡೆಯವರು. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಜನಾಂಗ ನೋಡಿ ಪ್ರವೇಶ ಕೊಡುವುದನ್ನು ನಿಲ್ಲಿಸಿತು, ದಾನಿಗಳ ಮಕ್ಕಳನ್ನು ಮುಟ್ಟಲಿಲ್ಲ. ಅಲ್ಲಿ ಸಾಮಾನ್ಯವಾಗಿ ಕಾಲೇಜು ಒಂದೊಂದಕ್ಕೂ ಬೇರೆ ಫೀಸು, ಬೇರೆ ಪ್ರಬಂಧ. ಆದ್ದರಿಂದ ಎಲ್ಲಿಗೆ ಹಾಕಬೇಕು ಎಲ್ಲಿಗೆ ಬಿಡಬೇಕು ಅಂತ ಮೊದಲೇ ಊಹಿಸದೆ ವಿಧಿಯಿಲ್ಲ. ಆ ಪಾಡು ನಮಗಿಲ್ಲ. ಟಿಎನ್‌ಇಎಯಲ್ಲಿ ಒಂದೇ ಪಟ್ಟಿ, ಒಂದೇ ಅರ್ಜಿ, ಕಣ್ಣಿಗೆ ಕಾಣುವ ರ‍್ಯಾಂಕು. ಇಷ್ಟಿದ್ದೂ ನಾವು ಅಮೆರಿಕದವರಂತೆ ನಡುಗುತ್ತೇವೆ.

ಅಡ್ವಾನ್ಸ್ ಕಟ್ಟಿಬಿಟ್ಟಿದ್ದೇವೆ, ಈಗ ಏನು ಮಾಡೋದು ಅನ್ನುವವರಿಗೆ ಎರಡು ವಿಷಯ. ಯುಜಿಸಿ 2024ರ ಪ್ರವೇಶಕ್ಕೆ ಹಾಕಿದ್ದ ನಿಯಮದಂತೆ ಸೆಪ್ಟೆಂಬರ್ 30ರೊಳಗೆ ಸೀಟು ಬಿಟ್ಟರೆ ಪೂರ್ತಿ ಹಣ ವಾಪಸ್, ಅಕ್ಟೋಬರ್ 31ರ ತನಕ ಸಾವಿರ ರೂಪಾಯಿಗಿಂತ ಹೆಚ್ಚು ಹಿಡಿಯುವಂತಿಲ್ಲ. ಡೀಮ್ಡ್ ವಿಶ್ವವಿದ್ಯಾಲಯಗಳೂ ಇದರೊಳಗೇ ಬರುತ್ತವೆ. ನೀವು ಸೇರುವ ವರ್ಷದ ಸುತ್ತೋಲೆಯಲ್ಲಿ ದಿನಾಂಕ ನೋಡಿಕೊಳ್ಳಿ. ಎರಡು, ಮಾರ್ಕ್ಸ್ ಕಾರ್ಡು, ಟಿಸಿಯ ಒರಿಜಿನಲ್ ಹಿಡಿದಿಟ್ಟುಕೊಳ್ಳುವ ಅಧಿಕಾರ ಯಾವ ಕಾಲೇಜಿಗೂ ಇಲ್ಲ. ‘ವೆರಿಫಿಕೇಶನ್‌ಗೆ ಒಂದು ವಾರ ಇರಲಿ’ ಅಂದರೆ ‘ಇಲ್ಲೇ ನೋಡಿ ಕೊಡಿ, ಕಾಯ್ತೀನಿ’ ಅನ್ನಿ. ಹಣ ಕಟ್ಟಿದ್ದಕ್ಕೆ ರಸೀದಿ ಕೊಡದ ಕಡೆ, ‘ಡೊನೇಷನ್ ಅಂತ ಬರೀತೀವಿ’ ಅನ್ನುವ ಕಡೆ ಕೂರದೆ ಎದ್ದು ಬನ್ನಿ.

ನಮ್ಮ ಬೀದಿಯ ಮಗ್ಗದಣ್ಣ ಆ ಭಾನುವಾರ ಹಣ ಕಟ್ಟಲಿಲ್ಲ. ನನ್ನ ಮಾತು ಕೇಳಿ ಅಲ್ಲ, ಕೈಯಲ್ಲಿ ಅಷ್ಟು ಇರಲಿಲ್ಲ. ಮಗಳು ಬರೆದಳು, ಅಂಕವೂ ಬಂತು. ಕಂಪ್ಯೂಟರ್ ಸೈನ್ಸ್ ಸಿಗುತ್ತದೋ ಇಲ್ಲವೋ ಅಂತ ಮನೆಯವರೆಲ್ಲ ಸೇರಿ ಲೆಕ್ಕ ಹಾಕುತ್ತಿದ್ದಾಗ ನಾನು ಹುಡುಗಿಯನ್ನೇ ಕೇಳಿದೆ, ‘ನಿನಗೇನು ಬೇಕಮ್ಮಾ?’ ಅವಳು ಅಪ್ಪನ ಕಡೆ ನೋಡಿ ಹೇಳಿದಳು: ‘ಅಗ್ರಿ ಓದಬೇಕು ದೊಡ್ಡಪ್ಪಾ.’ ತೆಂಗಿನ ಸುರುಳಿ ಬಿಳಿನೊಣ ದೇಶದಲ್ಲಿ ಮೊದಲು ಕಾಣಿಸಿದ್ದೇ 2016ರಲ್ಲಿ ನಮ್ಮ ಪೊಳ್ಳಾಚಿಯಲ್ಲಿ. ಅವಳ ಸೋದರಮಾವನ ತೋಟದ ಗರಿಗಳೆಲ್ಲ ಕಪ್ಪಾದದ್ದನ್ನು ಅವಳು ಕಂಡು ಬೆಳೆದವಳು. ಆಳಿಯಾರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ತೆಂಗು ಸಂಶೋಧನಾ ಕೇಂದ್ರ ಇರುವುದೂ ಅವಳಿಗೆ ಗೊತ್ತಿತ್ತು. ಅಪ್ಪನಿಗೆ ಗೊತ್ತಿರಲಿಲ್ಲ. ‘ತೋಟಕ್ಕೆ ಹೋಗೋಕೆ ಡಿಗ್ರಿ ಬೇಕಾ?’ ಅಂದರು. ಅಮ್ಮ ಮಾತಾಡಲಿಲ್ಲ. ಆ ಕೃಷಿ ವಿಶ್ವವಿದ್ಯಾಲಯದ ಅರ್ಜಿ ಟಿಎನ್‌ಇಎ ಜತೆ ಸೇರಿಲ್ಲ, ಬೇರೆಯೇ ಹಾಕಬೇಕು, ಕೊನೇ ದಿನ ಹತ್ತಿರದಲ್ಲಿದೆ ಅಂತ ನಾನು ಹೇಳಿದ್ದಷ್ಟೇ. ಅವಳು ಆಗಲೇ ಚಪ್ಪಲಿ ಮೆಟ್ಟಿಕೊಂಡು, ಬ್ರೌಸಿಂಗ್ ಸೆಂಟರು ಎಷ್ಟು ಹೊತ್ತಿಗೆ ಮುಚ್ಚುತ್ತೆ ಅಂತ ತಮ್ಮನನ್ನು ಕೇಳುತ್ತಿದ್ದಳು.